ಘಟ್ಟದ ಚೌಡಿಯ ಹೇಳಿಕೆ

ಶಾಲೆಯ ಗೋಡೆ ಬಿದ್ದದ್ದು ಭಾನುವಾರವಾದ್ದರಿಂದ ಎಲ್ಲರೂ ಬಚಾವು. ಯಲ್ಲಾಪುರ ದಾಟಿ ಹುಬ್ಬಳ್ಳಿ ಕಡೆಗೆ ಹೋಗುವ ಹೆದ್ದಾರಿಯ ಅಂಚಿನ ಪ್ರಾಥಮಿಕ ಶಾಲೆ ಅದು. ಬಂದರಿನಲ್ಲಿ ಅದಿರು ಸುರಿದು ಖಾಲಿಯಾಗಿ ಹಿಂದಿರುಗುತ್ತಿದ್ದ ಲಾರಿಯೊಂದು, ತಿರುವೇ ಇಲ್ಲದ ಜಾಗದಲ್ಲಿ ತಾನೇ ತಿರುಗಿ, ಗೋಡೆಯನ್ನು ಮಲಗಿಸಿ, ಮಕ್ಕಳು ಪ್ರಾರ್ಥನೆಗೆ ನಿಲ್ಲುವ ಅಂಗಳದಲ್ಲಿ ಹೋಗಿ ನಿಂತಿತ್ತು. ಓಡಿ ಬಂದ ಊರಿನವರು ಚಾಲಕನನ್ನು ಕೆಳಗಿಳಿಸಿದರೆ ಅವನು ಎಲ್ಲರಿಗೂ ಕೈಮುಗಿದು, "ಸಾಲಿ ಸೂಟಿ ಐತೇನ್ರಿ ಇವತ್ತ?" ಎಂದು ಕೇಳಿದನಂತೆ. ಅವನ ಬಾಯಿಯ ವಾಸನೆಗೆ ಮುಂದಿದ್ದವರು ಹಿಂದೆ ಸರಿದರಂತೆ.

ಬಳ್ಳಾರಿ ಕಡೆಯ ಅದಿರು ನಮ್ಮ ಘಟ್ಟ ಇಳಿದು ಕರಾವಳಿಯ ಬಂದರಿಗೆ ಹೋಗುತ್ತಿದ್ದ ವರ್ಷಗಳು ಅವು. ಲಾರಿಗಳ ಸಾಲು ಮುಗಿಯಿತು ಅನ್ನುವುದೇ ಇರಲಿಲ್ಲ. ರಸ್ತೆಯ ಎರಡೂ ಬದಿಯ ಗಿಡಮರಗಳೆಲ್ಲ ಅದಿರಿನ ಧೂಳಿಗೆ ಕೆಂಪಾಗಿ, ಬಿಳಿ ಅಂಗಿ ಹಾಕಿಕೊಂಡು ಯಲ್ಲಾಪುರಕ್ಕೆ ಹೋದವನು ಕಾವಿ ಉಟ್ಟ ಸನ್ಯಾಸಿಯ ಹಾಗೆ ವಾಪಸು ಬರುತ್ತಿದ್ದ. ಜನ ಅದನ್ನೂ ಸಹಿಸಿದ್ದರು. ಆದರೆ ಶಾಲೆಯ ಅಂಗಳಕ್ಕೆ ಲಾರಿ ನುಗ್ಗಿದ್ದನ್ನು ಸಹಿಸಲಿಲ್ಲ. ಊರವರೆಲ್ಲ ರುಜು ಹಾಕಿ ಶಿರಸಿಯ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಟ್ಟರು. ಅರಬೈಲ್ ಘಟ್ಟದ ತಲೆಯಲ್ಲಿರುವ ಖಾನಾವಳಿಯಲ್ಲಿ ಚಾಲಕರಿಗೆ ಕದ್ದು ಮದ್ಯ ಮಾರುತ್ತಾರೆ, ಹಿಂದುಗಡೆ ಖಾಲಿ ಬಾಟಲಿಗಳ ಗುಡ್ಡೆಯೇ ಇದೆ, ಅದನ್ನು ಮುಚ್ಚಿಸಬೇಕು ಎಂಬುದು ಅರ್ಜಿಯ ಸಾರ.

ತನಿಖೆ ನನ್ನ ತಲೆಗೆ ಬಂತು. ನಾನು ಆಗ ಅಬಕಾರಿ ಉಪನಿರೀಕ್ಷಕ. ಸಿದ್ದಾಪುರ ಕಡೆಯ ವೈದಿಕರ ಮನೆಯಲ್ಲಿ ಹುಟ್ಟಿ, ಬಾಳೆಹಣ್ಣಿನ ರಸಾಯನಕ್ಕಿಂತ ಗಟ್ಟಿಯಾದ ಯಾವುದನ್ನೂ ಕುಡಿಯದ ನಾನು ಹೆಂಡದ ಇಲಾಖೆಗೆ ಸೇರಿದ್ದು ನಮ್ಮ ಆಯಿಗೆ ಕೊನೆಯವರೆಗೂ ಅರಗಲಿಲ್ಲ. "ಮದುವೆಮನೇಲಿ ಮಗಂಗೆ ಯಾವ ಇಲಾಖೆ ಹೇಳಿ ಕೇಳ್ತ. ಎಂತ ಹೇಳವು ಆನು? ಅರಣ್ಯ ಇಲಾಖೆ ಹೇಳ್ತೆ, ನೀನೂ ಹಂಗೇ ಹೇಳು ತಮಾ" ಎನ್ನುತ್ತಿದ್ದಳು. ಹಾಗಾಗಿ ನಮ್ಮ ನೆಂಟರ ಪೈಕಿ ಅರ್ಧ ಜನ ನನ್ನಲ್ಲಿ ಸಾಗುವಾನಿ ಪರ್ಮಿಟ್ಟು ಕೇಳುತ್ತಿದ್ದರು.

ಉಪವಿಭಾಗಾಧಿಕಾರಿಗಳು ಉತ್ತರದ ಕಡೆಯ ತರುಣ. ತರಬೇತಿಯಲ್ಲಿ ಕಲಿತ ಅಚ್ಚುಕಟ್ಟಾದ ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಅವರ ಮುಂದೆ ನಮ್ಮ ಕನ್ನಡವೇ ಹರಕು ಅನ್ನಿಸುತ್ತಿತ್ತು.

"ಬ್ರಿಟಿಷರ ಕಾಲದ ಬಂದರುಗಳಲ್ಲಿಯೂ ನಾವಿಕರು ಹೀಗೆಯೇ ಕುಡಿದು ಬೀಳುತ್ತಿದ್ದರು. ಆಗಲೂ ವಿಚಾರಣೆಗಳು ನಡೆಯುತ್ತಿದ್ದವು. ಈಗ ಹಡಗಿನ ಬದಲು ಲಾರಿ, ಅಷ್ಟೇ ವ್ಯತ್ಯಾಸ" ಎಂದರು. "ಆ ಖಾನಾವಳಿ ಇರುವುದು ಹೆದ್ದಾರಿಯ ಜಾಗದಲ್ಲಿ. ತೆರವುಗೊಳಿಸಲು ನನಗೆ ಅಧಿಕಾರವಿದೆ. ಆದೇಶ ಸಿದ್ಧವಾಗಿದೆ, ಸಹಿ ಮಾತ್ರ ಬಾಕಿ. ತಾವು ಶೀಘ್ರವಾಗಿ ವರದಿ ಸಲ್ಲಿಸತಕ್ಕದ್ದು."

ಆದೇಶ ಮೊದಲು, ವರದಿ ಆಮೇಲೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ಮನಸ್ಸಿನಲ್ಲೇ ಅಂದುಕೊಂಡು ಹೊರಬಂದೆ.

ನಮ್ಮ ಕಚೇರಿಯಲ್ಲಿ ಒಬ್ಬ ಹಿರಿಯ ಅಬಕಾರಿ ರಕ್ಷಕರಿದ್ದರು. ಯಲ್ಲಾಪುರ ತಾಲೂಕಿನವರೇ, ಪೊದೆ ಮೀಸೆ, ಯಾವ ಗುಡಿಸಲಿನ ಯಾವ ಮೂಲೆಯಲ್ಲಿ ಕಳ್ಳಭಟ್ಟಿಯ ಕೊಡ ಹೂತಿದ್ದಾರೆಂದು ಮಣ್ಣು ನೋಡಿಯೇ ಹೇಳುವವರು. ಅವರನ್ನು ಕರೆದುಕೊಂಡು, ಸಮವಸ್ತ್ರ ಬಿಟ್ಟು, ಲುಂಗಿ ಉಟ್ಟು, ಗಿರಾಕಿಯ ವೇಷದಲ್ಲಿ ಖಾನಾವಳಿಗೆ ಹೋದೆ. ಮುಂಗೈಗೆ ಕೆಂಪು ಮಣ್ಣು ಬಳಿದುಕೊಂಡಿದ್ದೆ, ಲಾರಿಯವನ ಹಾಗೆ ಕಾಣಲಿ ಎಂದು.

ಘಟ್ಟ ಇಳಿಯುವ ಮೊದಲಿನ ಕೊನೆಯ ಸಮತಟ್ಟಿನಲ್ಲಿತ್ತು ಅದು. ತಗಡಿನ ಮಾಡು, ಮುಂದೆ ನಾಲ್ಕಾರು ಹಗ್ಗದ ಮಂಚ, ಒಳಗೆ ಬೆಂಚು. ನಡೆಸುವವಳು ಹಾನಗಲ್ ಕಡೆಯ ನಡುವಯಸ್ಸಿನ ಹೆಂಗಸು. ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದವನು ಅವಳ ಗಂಡ. ಮೊದಲು ಅವನೂ ಲಾರಿ ಚಾಲಕನೇ. ಒಂದು ಕಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಮಾತು ಕಡಿಮೆ, ರೊಟ್ಟಿ ಹೆಚ್ಚು.

ನಾನು ಬೆಂಚಿನ ಮೇಲೆ ಕಾಲು ಮಡಚಿ ಕೂತು, ದನಿ ತಗ್ಗಿಸಿ, "ಏನಾದ್ರೂ ಸಿಕ್ತದೇನವ್ವಾ?" ಎಂದು ಕಣ್ಣು ಹೊಡೆದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸಿಗತೈತ್ರಿ. ರೊಟ್ಟಿ, ಝುಣಕ, ಎಣಗಾಯಿ. ಕೆಂಪು ಚಟ್ನಿ ಬ್ಯಾರೆ. ಸಾಹೇಬ್ರು ಉಳ್ಳಾಗಡ್ಡಿ ತಿಂತೀರೋ ಇಲ್ಲೋ? ಜನಿವಾರ ಅಂಗಿ ಹೊರಗ ಬಂದೈತಿ, ಒಳಗ ಹಾಕ್ಕೋರಿ."

ರಕ್ಷಕರು ಮೀಸೆಯೊಳಗೇ ನಕ್ಕದ್ದು ನನಗೆ ಕೇಳಿಸಿತು. ಲಾರಿಯವನಾಗುವ ನನ್ನ ಆಸೆ ಅಲ್ಲಿಗೆ ಮುಗಿಯಿತು. ಗುರುತಿನ ಚೀಟಿ ತೆಗೆದು ತೋರಿಸಿ, ಶೋಧನೆ ಮಾಡಬೇಕು ಎಂದೆ.

"ಮಾಡ್ರಿ. ಹಿಟ್ಟಿನ ಡಬ್ಬಿಯಾಗ ಕೈ ಹಾಕೂದಾದ್ರ ತೊಳಕೊಂಡು ಹಾಕ್ರಿ" ಎಂದಳು.

ಕ್ರಮ ಪ್ರಕಾರ ಸಾಕ್ಷಿಗೆ ಇಬ್ಬರು ಪಂಚರನ್ನು ಕರೆಸಿ ಶೋಧನೆ ಮಾಡಿದೆವು. ಹಿಟ್ಟಿನ ಡಬ್ಬಿ, ಅಕ್ಕಿಯ ಚೀಲ, ನೀರಿನ ಡ್ರಮ್ಮು, ಸೌದೆಯ ಒಟ್ಟಿಲು, ಮಾಡಿನ ಸಂದಿ. ರಕ್ಷಕರು ಒಲೆಯ ಬೂದಿಯನ್ನೂ ಕೆದಕಿದರು. ಒಂದು ಮುಚ್ಚಳ ಕೂಡ ಸಿಗಲಿಲ್ಲ. ಆದರೆ ಹಿಂದುಗಡೆ ಹೋದರೆ ಅರ್ಜಿಯಲ್ಲಿ ಬರೆದದ್ದು ಸುಳ್ಳಲ್ಲ. ಪೊದೆಗಳ ನಡುವೆ, ಒಂದು ಮತ್ತಿಮರದ ಬುಡದಿಂದ ಇಳಿಜಾರಿನವರೆಗೆ ಖಾಲಿ ಕ್ವಾರ್ಟರ್ ಬಾಟಲಿಗಳು ಹಾಸಿ ಬಿದ್ದಿದ್ದವು. ಮರದ ಬುಡದಲ್ಲಿ ಕುಂಕುಮ ಬಳಿದ ಒಂದು ಕಲ್ಲು. "ಘಟ್ಟದ ಚೌಡಿ ಸರ್" ಎಂದು ರಕ್ಷಕರು ಚಪ್ಪಲಿ ಬಿಟ್ಟು ಕೈಮುಗಿದರು. ನಾನೂ ಮುಗಿದೆ. ಬಾಟಲಿಗಳನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಮಹಜರಿಗೆ ಪಂಚರ ರುಜು ಪಡೆದು ಹೊರಟೆವು.

"ಇವೆಲ್ಲ ಯಾರವು?" ಎಂದು ಹೊರಡುವಾಗ ಆಕೆಯನ್ನು ಕೇಳಿದೆ.

"ನಾ ಮಾರಿದ್ದಲ್ರಿ" ಎಂದಳು. ಹೇಳಿದವಳೇ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಆದರೆ ಜೀಪು ಹತ್ತುವಾಗ ಹಿಂದಿನಿಂದ ಬಂದು, "ಮುಚ್ಚಸ್ತೀರೇನ್ರಿ? ಇದೊಂದ ನಮಗ ಇರೂದು" ಎಂದು ಮೆಲ್ಲಗೆ ಕೇಳಿದಳು. ನನಗೆ ಕೆಟ್ಟದೆನಿಸಿತು. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ನಂಬುವುದಿಲ್ಲ ಎನ್ನುತ್ತಾರೆ. ಇವಳು ಬಾಟಲಿಯ ರಾಶಿಯ ಪಕ್ಕ ಕೂತು ರೊಟ್ಟಿ ಮಾರುತ್ತಿದ್ದಳು.

ಕಚೇರಿಯ ಹಿಂದಿನ ಜಗಲಿಯಲ್ಲಿ ಬಾಟಲಿಗಳನ್ನು ಹರಡಿಕೊಂಡು ಕೂತೆವು. ಮುಚ್ಚಳದ ಬಳಿ ಅಂಟಿಸುವ ಇಲಾಖೆಯ ಚೀಟಿ, ಬಾಟಲಿಯ ಮೇಲಿನ ತಯಾರಿಕೆಯ ಗುರುತು ನೋಡಿ, ಸರಕು ಯಾವ ಊರಿನ ಡಿಪೋದಿಂದ ಹೊರಟಿತು ಎಂಬುದನ್ನು ಸುಮಾರಾಗಿ ಹಿಡಿಯಬಹುದು. ಒಬ್ಬಳೇ ತಂದಿಟ್ಟು ಮಾರಿದ್ದರೆ ಸರಕು ಒಂದೇ ಕಡೆಯದು, ಒಂದೇ ತಂಡದ್ದು ಇರಬೇಕು. ಇಲ್ಲಿ ಹೊಸಪೇಟೆಯದಿತ್ತು, ಕೊಪ್ಪಳದ್ದಿತ್ತು, ಗದಗದ್ದಿತ್ತು, ಹುಬ್ಬಳ್ಳಿಯದಿತ್ತು. ಲಾರಿ ಬಂದ ದಾರಿಯುದ್ದಕ್ಕೂ ಯಾವ್ಯಾವುದೋ ಅಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಕೊಂಡು ತಂದದ್ದು. ಅಂದರೆ ಆಕೆ ಮಾರುತ್ತಿರಲಿಲ್ಲ.

ಖುಷಿಯಿಂದ ಶಿರಸಿಗೆ ಓಡಿದೆ. ಸಾಹೇಬರು ಎಲ್ಲವನ್ನೂ ಶಾಂತವಾಗಿ ಕೇಳಿ, "ಒಪ್ಪಿದೆ. ಮಾರಾಟವಿಲ್ಲ. ಆದರೆ ಕುಡಿಯಲು ಸ್ಥಳಾವಕಾಶ ನೀಡುವುದೂ ಅಪರಾಧವಲ್ಲವೇ?" ಎಂದರು. ನನ್ನ ಖುಷಿ ಮಸಾಲೆ ದೋಸೆಯ ಹಾಗೆ ಮಡಚಿಕೊಂಡಿತು.

ಹಾಗಾದರೆ ಕುಡಿಯುವವರನ್ನೇ ಹಿಡಿಯಬೇಕು. ಪೊಲೀಸರಿಂದ ಬಾಯಿ ಊದಿಸುವ ಯಂತ್ರ ಕಡ ತಂದೆವು. ಅದು ಮೊದಲ ಚಾಲಕನ ಬಾಯಿಗೆ ಹೋಗುವ ಮೊದಲೇ ಪ್ರಾಣ ಬಿಟ್ಟಿತು. ಆಮೇಲೆ ಉಳಿದದ್ದು ನಮ್ಮಿಬ್ಬರ ಮೂಗು. ಖಾನಾವಳಿಯ ಮುಂದೆ ಜೀಪು ನಿಲ್ಲಿಸಿಕೊಂಡು, ಅದಿರು ಹೊತ್ತು ಘಟ್ಟ ಇಳಿಯಲು ಬರುವ ಪ್ರತಿ ಲಾರಿಯನ್ನೂ ತಡೆದು, ಚಾಲಕನನ್ನು ಕೆಳಗಿಳಿಸಿ, "ಹಾ ಅನ್ನು" ಎಂದು ಮೂಸುತ್ತಿದ್ದೆವು. ಕುಡಿಯದವನ ಮೂಗು ಬಲು ಚುರುಕು. ಹೆಂಡದ ಹನಿ ಇದ್ದರೂ ನನಗೆ ತಿಳಿಯುತ್ತಿತ್ತು. ಗುಟ್ಕಾ, ಬೀಡಿ, ಬೆಳ್ಳುಳ್ಳಿ, ನಿನ್ನೆಯ ಮೀನು, ಹುಳುಕು ಹಲ್ಲು, ಎಲ್ಲವೂ ಸಿಕ್ಕಿತು. ಹೆಂಡ ಮಾತ್ರ ಸಿಗಲಿಲ್ಲ. ವಾರಗಟ್ಟಲೆ ಹೀಗೇ ಆಯಿತು. ಮನೆಗೆ ಹೋದರೆ ನನಗೆ ಊಟ ರುಚಿಸುತ್ತಿರಲಿಲ್ಲ.

"ಎಂತಾ ಸರ್ ಇದು," ರಕ್ಷಕರು ತಲೆ ಕೆರೆದುಕೊಂಡರು, "ನಮ್ಮೂರ ಭಜನೆ ಮಂಡಳಿಯೋರೂ ಇಷ್ಟ್ ಶುದ್ಧ ಇರೂದಿಲ್ಲ ಮಾರಾಯ್ರೇ."

ಇಷ್ಟಾದರೂ ಚೀಲಕ್ಕೆ ತುಂಬಿ ಬರಿದು ಮಾಡಿದ್ದ ಮರದ ಬುಡದಲ್ಲಿ ಹೊಸ ಬಾಟಲಿಗಳು ಬಂದು ಬೀಳುತ್ತಲೇ ಇದ್ದವು. ಚಾಲಕರು ಶುದ್ಧ, ಬಾಟಲಿ ಖಾಲಿ. ಅರ್ಜಿದಾರರು ನಾವು ಮೊದಲೇ ಸುದ್ದಿ ಕೊಟ್ಟು ತಪಾಸಣೆ ಮಾಡುತ್ತಿದ್ದೇವೆ ಎಂದು ಗೊಣಗತೊಡಗಿದರು. ಸಾಹೇಬರಿಂದ ಎರಡು ಸಲ ಫೋನು ಬಂತು.

ಒಂದು ಮಧ್ಯಾಹ್ನ ರೊಟ್ಟಿ ತಿಂದು ಕೈ ತೊಳೆಯಲು ಹಿಂದುಗಡೆಯ ಡ್ರಮ್ಮಿನ ಹತ್ತಿರ ಹೋಗಿದ್ದೆ. ನಾವು ಆಗಷ್ಟೇ ಮೂಸಿ, ಶುದ್ಧ ಎಂದು ಬಿಟ್ಟಿದ್ದ ಚಾಲಕ ಮತ್ತಿಮರದ ಕೆಳಗೆ ನಿಂತಿದ್ದ. ಹೊಸಪೇಟೆ ಕಡೆಯ ಗಟ್ಟಿಮುಟ್ಟಾದ ಆಳು. ಸೊಂಟದಿಂದ ಕ್ವಾರ್ಟರ್ ತೆಗೆದು, ಮುಚ್ಚಳ ತಿರುವಿ, ಕಣ್ಣು ಮುಚ್ಚಿ, ಇಡೀ ಬಾಟಲಿಯನ್ನು ಕಲ್ಲಿನ ಮೇಲೆ ಗೊಳಗೊಳ ಸುರಿದ. ಖಾಲಿ ಬಾಟಲಿಯನ್ನು ಪೊದೆಗೆ ಎಸೆದ.

"ಏಯ್!" ಎಂದು ಕೂಗಿದೆ. ಅವನು ಬೆಚ್ಚಿ ಎರಡೂ ಕೈ ಮೇಲೆತ್ತಿದ.

"ಸರ, ನಾ ಕುಡ್ದಿಲ್ರಿ. ಅಕಿ ಕುಡಿಯಾಕತ್ತಾಳ್ರಿ!"

ರಕ್ಷಕರೂ ಓಡಿ ಬಂದರು. ಅವನನ್ನು ಕೂರಿಸಿ ನೀರು ಕೊಟ್ಟು ಸಮಾಧಾನದಿಂದ ಕೇಳಿದೆವು. ಅವನು ವಿವರಿಸಿದ್ದು ಹೀಗೆ. ಇಷ್ಟು ಭಾರ ಹೊತ್ತು ಇಷ್ಟು ಇಳಿಜಾರು ಇಳಿಯುವಾಗ ಬ್ರೇಕು ಹಿಡಿದರೆ ಅದು ಚೌಡಿಯ ಪುಣ್ಯ. ಹಾಗಾಗಿ ಇಳಿಯುವ ಮೊದಲು ಅವಳಿಗೊಂದು ಕ್ವಾರ್ಟರು. ಮೊದಲು ಯಾರು ಶುರು ಮಾಡಿದರೋ ಗೊತ್ತಿಲ್ಲ; ಅವನಿಗೆ ಅವನ ಗುರು ಹೇಳಿದ್ದು, ಗುರುವಿಗೆ ಇನ್ನೊಬ್ಬ. ರಕ್ಷಕರಿಗೆ ಊರವರು ವರ್ಷಕ್ಕೊಮ್ಮೆ ಕೋಳಿ ಕೊಡುವ ಚೌಡಿ ಗೊತ್ತಿತ್ತೇ ಹೊರತು, ಅದಿರಿನ ಲಾರಿಗಳು ಬಂದ ಮೇಲೆ ಅವಳಿಗೆ ದಿನದ ಖರ್ಚು ಶುರುವಾದದ್ದು ಗೊತ್ತಿರಲಿಲ್ಲ.

"ಇಳಿಯುವಾಗ ನೀವು ಕುಡಿಯುವುದಿಲ್ಲವೋ?" ಎಂದೆ.

"ಹುಚ್ಚೇನ್ರಿ? ಇಳಿಯಾಗ ಬಾಟ್ಲಿ ಪೂರಾ ಅಕಿದು. ಒಂದ ಹನಿ ನಾವು ಮುಟ್ಟಿದ್ರ ಕೆಳಗ ಹಳ್ಳದಾಗ ಇರ್ತೀವಿ."

"ಹಾಗಾದರೆ ಏರಿ ವಾಪಸು ಬರುವಾಗ?"

ಅವನು ತಲೆ ತಗ್ಗಿಸಿದ. ಮೀಸೆಯ ತುದಿಯಲ್ಲಿ ನಗು. "ಹೊಳ್ಳಿ ಬರಾಗ ಒಂದ ಮುಚ್ಚಳ ಅಕಿಗ್ರಿ. ಉಳಿದದ್ದು ಪ್ರಸಾದ. ಪ್ರಸಾದ ಒಲ್ಲೆ ಅನ್ನಾಕ ಬರ್ತೈತೇನ್ರಿ ಸರ?"

ಪ್ರಸಾದ ಬೇಡ ಎನ್ನಬಾರದು ಎಂದು ಹುಟ್ಟಿದಾರಭ್ಯ ಕೇಳುತ್ತ ಬೆಳೆದವನು ನಾನು. ಆಗಲೇ ತಲೆಯೊಳಗೆ ಒಂದು ದೀಪ ಹತ್ತಿತು. ಶಾಲೆಯ ಅಂಗಳಕ್ಕೆ ನುಗ್ಗಿದ ಲಾರಿ ಖಾಲಿಯಾಗಿತ್ತು. ಘಟ್ಟದಲ್ಲಲ್ಲ, ಘಟ್ಟ ಏರಿ ಮುಗಿದ ಮೇಲೆ ಬರುವ ನೆಟ್ಟನೆಯ ರಸ್ತೆಯಲ್ಲಿ ಅದು ದಾರಿ ತಪ್ಪಿತ್ತು. ಘಟ್ಟವೆಂದರೆ ಭಯ, ಭಯವಿರುವಲ್ಲೇ ಅಪಾಯ ಎಂದುಕೊಂಡು ಅರ್ಜಿದಾರರು, ಸಾಹೇಬರು, ನಾವು ಎಲ್ಲರೂ ಇಳಿಯುವವರನ್ನೇ ನೋಡುತ್ತ ನಿಂತಿದ್ದೆವು. ಏರಿ ಬರುವ ಖಾಲಿ ಲಾರಿಗಳಿಗೆ ದಾರಿ ಬಿಡಿ ಎಂದು ನಾನೇ ಕೈ ಬೀಸಿ ಕಳಿಸುತ್ತಿದ್ದೆ!

ಅವತ್ತೇ ಜೀಪನ್ನು ಮರೆಗೆ ಸರಿಸಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತೆವು. ಜೀಪು ಕಂಡ ದಿನಗಳಲ್ಲಿ ಏರುವವರು ಕೆಳಗಿನ ತಿರುವಿನಲ್ಲೇ ಲಾರಿ ನಿಲ್ಲಿಸಿ, ಕಾಲುದಾರಿಯಿಂದ ಕಲ್ಲಿನ ಬಳಿಗೆ ಹತ್ತಿ ಬರುತ್ತಿದ್ದರು ಎಂಬುದು ಆಗ ಗೊತ್ತಾಯಿತು. ಮೊದಲ ಲಾರಿಯ ಬಾಗಿಲು ತೆರೆಯುತ್ತಲೇ ರಕ್ಷಕರು, "ಮೂಸೂದೇ ಬ್ಯಾಡ ಸರ್, ಇಲ್ಲಿಗೇ ಬಂತು" ಎಂದರು. ಎರಡನೆಯವನು ನನಗೆ ಕೈಮುಗಿದು, "ತಾಯಿ ಕಾಪಾಡಿದ್ಲು" ಎಂದು ಕಣ್ಣಲ್ಲಿ ನೀರು ತಂದುಕೊಂಡ. ನೀರಿನಲ್ಲೂ ವಾಸನೆ ಇದ್ದಿರಬೇಕು.

ಅಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪ್ರಸಾದ ಸ್ವೀಕರಿಸಿದ ಒಬ್ಬ ಖಾನಾವಳಿಯ ಬಾಗಿಲಿಗೆ ಹೋದ. ಆಕೆ ಅಡುಗೆಯ ಹುಟ್ಟು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. "ಕುಡುದ ಬಂದವ್ರಿಗೆ ಇಲ್ಲಿ ತುತ್ತ ಇಲ್ಲ. ನಡಿ, ನಡಿ!" ಅವನು ಗೋಗರೆದ. ಆಕೆ ಕದಲಲಿಲ್ಲ. ಹಸಿದ ಹೊಟ್ಟೆಯಲ್ಲೇ ಅವನು ಲಾರಿ ಹತ್ತಲು ಹೋದ. ರಕ್ಷಕರು ಹಿಡಿದು ಕೆಳಗಿಳಿಸಿ ಮರದ ನೆರಳಿನಲ್ಲಿ ಕೂರಿಸದಿದ್ದರೆ ಹೋಗಿಯೇ ಬಿಡುತ್ತಿದ್ದ.

"ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಆಕೆಗೆ ರೇಗಿದೆ.

"ಯಾರವು ಅಂತ ಕೇಳಿದ್ರಿ, ನಾ ಮಾರಿದ್ದಲ್ಲ ಅಂದೆ. ಚೌಡವ್ವನ ಮ್ಯಾಲೆ ಚಾಡಿ ಹೇಳೂ ಧೈರ್ಯ ಯಾರಿಗೈತ್ರಿ? ಅಕಿ ಬಾಜೂಕ ಬಾಳೇವು ಮಾಡಬೇಕು ನಾನು" ಎಂದಳು. ಅದೂ ಸರಿಯೇ.

ಶಿರಸಿಯಲ್ಲಿ ಸಾಹೇಬರಿಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಬೆರಗಾದರು, ಮೆಚ್ಚಿದರು. ಆಮೇಲೆ ಹೇಳಿದ್ದು ಕೇಳಿ ನನ್ನ ಪಕ್ಕದಲ್ಲಿದ್ದ ರಕ್ಷಕರು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಹಾಗಿದ್ದಲ್ಲಿ ಸಮಸ್ಯೆಯ ಮೂಲ ಆ ಶಿಲೆ. ಖಾನಾವಳಿಯ ಜೊತೆಗೆ ಅದನ್ನೂ ತೆರವುಗೊಳಿಸೋಣ."

ಕಲ್ಲು ತೆಗೆದರೆ ಊರವರು ಸುಮ್ಮನಿರುವುದಿಲ್ಲ. ಲಾರಿಯವರು ಇನ್ನೊಂದು ಕಲ್ಲು ನೆಡುತ್ತಾರೆ. ಖಾನಾವಳಿಯಂತೂ ಏನೂ ಮಾಡದೆ ಹಾಳಾಗುತ್ತದೆ. ಇಲಾಖೆಯಲ್ಲಿ ಕಲಿತದ್ದೇ ಆಗ ನೆರವಿಗೆ ಬಂತು. ಯಾರ ಮೇಲೆ ಆರೋಪವಿದೆಯೋ ಅವರ ಹೇಳಿಕೆ ಪಡೆಯದೆ ಯಾವ ವಿಚಾರಣೆಯೂ ಪೂರ್ಣವಲ್ಲ.

"ಸರ್," ಎಂದೆ, "ಖಾನಾವಳಿಯವರ ಹೇಳಿಕೆ ಆಗಿದೆ. ಚಾಲಕರ ಹೇಳಿಕೆ ಆಗಿದೆ. ಎಲ್ಲರಿಗಿಂತ ಹೆಚ್ಚು ಕುಡಿದವಳು ಚೌಡಿ. ಅವಳ ಹೇಳಿಕೆ ಬಾಕಿ ಇದೆ."

ನನ್ನ ನೌಕರಿ ಹೋಯಿತು ಎಂದುಕೊಂಡೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು. ನಗು ನಿಂತ ಮೇಲೆ ತುಂಬ ಗಂಭೀರವಾಗಿ ಕೇಳಿದರು: "ಹೇಳಿಕೆಯನ್ನು ದಾಖಲಿಸುವ ವಿಧಾನ ಯಾವುದು?"

ನಮ್ಮ ಕಡೆ ದೇವರನ್ನು ಕೇಳುವ ವಿಧಾನ ಮಗುವಿಗೂ ಗೊತ್ತು. ನೆನೆಸಿದ ಹೂವಿನ ಎಸಳನ್ನು ದೇವರ ಮೈಗೆ ಎಡಕ್ಕೂ ಬಲಕ್ಕೂ ಅಂಟಿಸಿ ಪ್ರಶ್ನೆ ಇಡುವುದು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಮದುವೆ, ಬೋರ್‌ವೆಲ್ಲು, ಕಳೆದ ಎಮ್ಮೆ, ಎಲ್ಲ ಅದರಲ್ಲೇ ತೀರ್ಮಾನ. ಸಾಹೇಬರು ಸ್ಥಳ ಪರಿಶೀಲನೆಗೆ ದಿನ ಗೊತ್ತು ಮಾಡಿದರು.

ಆ ಬೆಳಿಗ್ಗೆ ಮತ್ತಿಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಅರ್ಜಿದಾರರು, ಚಾಲಕರು, ಕ್ಲೀನರುಗಳು, ಖಾನಾವಳಿಯ ಗಂಡ ಹೆಂಡತಿ. ರಸ್ತೆಯಲ್ಲಿ ಲಾರಿಗಳು ಎರಡೂ ಕಡೆ ಸಾಲಾಗಿ ನಿಂತಿದ್ದವು. ಸಾಹೇಬರು ಬೂಟು ಬಿಚ್ಚಿ, ಸಾಕ್ಸಿನಲ್ಲಿ ನಿಂತಿದ್ದರು. ಚೌಡಿಗೆ ಪೂಜೆ ಮಾಡುವವರು ಹತ್ತಿರದ ಹಳ್ಳಿಯ ಹಿರಿಯ ಗೌಡರು. ಕಲ್ಲು ತೊಳೆದು, ಕುಂಕುಮ ಹಚ್ಚಿ, ಕೇಪಳ ಹೂವಿನ ಎಸಳು ಅಂಟಿಸಿದರು.

ಮೊದಲ ಪ್ರಶ್ನೆ ಸಾಹೇಬರದ್ದು. ಮದ್ಯ ಪೂರ್ತಿ ನಿಲ್ಲಿಸಿ, ತೆಂಗಿನಕಾಯಿ ಮಾತ್ರ ಕೊಟ್ಟರೆ ಆಗಬಹುದೇ?

"ತಾಯೇ, ಇನ್ಮೇಲೆ ಬರೀ ಕಾಯಿ ಒಡಿತ್ರು. ಒಪ್ಪಿದ್ರೆ ಬಲಕ್ಕೆ ಕೊಡು" ಎಂದರು ಗೌಡರು. ಮಾತು ಮುಗಿಯುವ ಮೊದಲೇ ಎಡಗಡೆಯ ಎಸಳು ಉದುರಿತು.

"ಇದರ ಅರ್ಥ?" ಎಂದು ಸಾಹೇಬರು ನನ್ನ ಕಿವಿಯಲ್ಲಿ ಕೇಳಿದರು.

"ಒಪ್ಪಲಿಲ್ಲ, ಸರ್."

"ದಿನಾ ಬರೂದನ್ನ ಯಾರ್ ಬಿಡ್ತ್ರು" ಎಂದರು ರಕ್ಷಕರು, ಮೀಸೆಯೊಳಗೆ. ಚಾಲಕರ ಕಡೆಯಿಂದ ಸಣ್ಣ ಹರ್ಷೋದ್ಗಾರ.

ಎರಡನೆಯ ಪ್ರಶ್ನೆ ನನ್ನದು. ಏರಿ ಬಂದವರು ಕೊಡುವ ಬಾಟಲಿಯೂ ಪೂರ್ತಿ ಚೌಡಿಗೇ ಸೇರಬೇಕೇ, ಮನುಷ್ಯರಿಗೆ ಹನಿಯೂ ಇಲ್ಲವೇ? ಇದನ್ನು ಕೇಳಲು ಗೌಡರು ಯಾಕೋ ಹಿಂದೆ ಮುಂದೆ ನೋಡಿದರು. ಎಸಳು ನೆನೆದಿಲ್ಲ ಎಂದರು, ಗಾಳಿ ಇದೆ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಅಲ್ಲ. ಪ್ರಸಾದದಲ್ಲಿ ಅವರಿಗೂ ಸಣ್ಣ ಪಾಲು ಇತ್ತೆಂದು ಕಾಣುತ್ತದೆ. ಕೊನೆಗೆ ಬಾಯೊಳಗೇ ಏನೋ ಗೊಣಗಿದರು. "ಗೌಡ್ರೇ, ಎಲ್ರಿಗೂ ಕೇಳೂ ಹಂಗೆ ಹೇಳಿ. ಇದು ಸರ್ಕಾರಿ ಹೇಳಿಕೆ" ಎಂದೆ.

ಅವರು ನಿಟ್ಟುಸಿರು ಬಿಟ್ಟು, ಗಟ್ಟಿಯಾಗಿ, "ತಾಯೇ, ಇಳಿಯೂರದ್ದೂ ನಿಂದೇ, ಏರಿ ಬಂದವ್ರದ್ದೂ ನಿಂದೇ. ಮನುಷ್ಯರು ಮುಟ್ಟೂದಿಲ್ಲ. ಒಪ್ಪಿದ್ರೆ ಬಲಕ್ಕೆ ಕೊಡು" ಎಂದರು.

ಎಸಳುಗಳು ಅಲ್ಲಾಡಲಿಲ್ಲ. ಯಾವುದೋ ಲಾರಿಯ ಹಾರನ್ನು ಕೂಗಿ ನಿಂತಿತು. ಬಲಗಡೆಯ ಎಸಳು ಮೆಲ್ಲಗೆ ಜಾರಿ, ಕಲ್ಲಿನ ಭುಜದ ಮೇಲೆ ಒಂದು ಗಳಿಗೆ ಕೂತು, ಕೆಳಗೆ ಬಿತ್ತು.

"ಯವ್ವಾ!" ಎಂದು ಚಾಲಕರೆಲ್ಲ ಒಟ್ಟಿಗೆ ನರಳಿದರು. ಇಡೀ ಗುಂಪು ಗೊಳ್ಳೆಂದು ನಕ್ಕಿತು. ನಮ್ಮ ಹೊಸಪೇಟೆಯವನು ಕಲ್ಲಿನ ಕಡೆ ಕೈ ಮಾಡಿ, "ಎಲ್ಲಾ ಒಬ್ಬಾಕಿನ ಕುಡೀತಾಳಂತಲೇ!" ಎಂದ. ಆದರೆ ಹೇಳಿ ಮುಗಿಸಿದವನೇ ಕೆನ್ನೆ ಬಡಿದುಕೊಂಡು ಅಡ್ಡಬಿದ್ದ. ಘಟ್ಟ ಇಳಿಯುವವನಿಗೆ ಚೌಡಿಯ ಮಾತು ಮೀರುವ ಧೈರ್ಯವಿಲ್ಲ. ಸರ್ಕಾರದ ಯಾವ ಆದೇಶಕ್ಕೂ ಇಷ್ಟು ಬೇಗ ಒಪ್ಪಿಗೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಸಾಹೇಬರು ತಾವೇ ಪೆನ್ನು ತೆಗೆದು, "ಸ್ಥಳೀಯ ಪದ್ಧತಿಯಂತೆ ವಿಚಾರಿಸಲಾಗಿ" ಎಂದು ಶುರು ಮಾಡಿ, ಎಸಳು ಬಿದ್ದದ್ದನ್ನು ಬರೆದುಕೊಂಡರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಸಾಹೇಬರು ಖಾನಾವಳಿಯ ಕಡೆ ತಿರುಗಿದರು.

"ಎಲ್ಲರೂ ದೇವಿಯ ಮಾತು ಕೇಳುವರೆಂಬ ಭರವಸೆ ಇಲ್ಲ. ಕೆಳಗಿನ ಊರುಗಳಲ್ಲಿಯೂ ಕುಡಿದು ಬರುವವರಿದ್ದಾರೆ. ಅಂಥವರನ್ನು ನೀವು ಊಟವಿಲ್ಲದೆ ಓಡಿಸಿದರೆ ಅವರು ನೇರ ಶಾಲೆಯ ಗೋಡೆಗೆ ಹೋಗುತ್ತಾರೆ. ಅವರನ್ನು ಕೂರಿಸಿ, ಉಣ್ಣಿಸಿ, ಮಲಗಿಸುವುದಾದರೆ ಈ ಖಾನಾವಳಿ ಇರಲಿ. ಇಲ್ಲವಾದರೆ ಇದು ಇಲ್ಲಿ ಇದ್ದು ಏನು ಪ್ರಯೋಜನ?"

ಆಕೆಯ ಮುಖ ಕೆಂಪಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆಗೂದಿಲ್ರಿ. ಮುಚ್ಚತೀರಾ, ಮುಚ್ಚರಿ. ಕುಡುಕ್ರಿಗೆ ನನ್ನ ಕೈಯಾಗಿನ ರೊಟ್ಟಿ ಇಲ್ಲ. ಕುಡುದ ಗಾಡಿ ಹೊಡೆಯಾಂವ ಒಬ್ಬಾಂವ ಬಂದು ಗುದ್ದಿನ ಇವ್ರ ಕಾಲ ಹೋಗೇತಿ. ಆರ ತಿಂಗಳ ಹುಬ್ಬಳ್ಳಿ ದವಾಖಾನಿಯಾಗ ಕುಂತೇನಿ ನಾ. ಅಂಥಾ ಮಂದಿಗೆ ನಾ ಕರದ ಉಣಸಲೇನ್ರಿ?"

ನಗುತ್ತಿದ್ದ ಗುಂಪು ಅವಳ ಗಂಡನ ಕಡೆ ತಿರುಗಿ ನೋಡಿತು. ಇಷ್ಟು ದಿನ ಆಕೆಯ ರೊಟ್ಟಿ ತಿಂದು, ಆ ಮನುಷ್ಯನ ಕಾಲು ಹೋದದ್ದು ಹೇಗೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಸಹಿಯಿಲ್ಲದ ಆದೇಶ ಸಾಹೇಬರ ಕೈಯಲ್ಲೇ ಇತ್ತು.

ಆಗ ಗಂಡ ಊರುಗೋಲು ಊರಿಕೊಂಡು ಎದ್ದ. ನನ್ನ ತನಿಖೆಯುದ್ದಕ್ಕೂ ಅವನು ನಾಲ್ಕು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

"ಅವತ್ತ ಅವಗ ಯಾರರ ಒಬ್ಬರು ಒಂದ ರೊಟ್ಟಿ ಕೊಟ್ಟು ಮಲಗಿಸಿದ್ರ," ಎಂದ ಹೆಂಡತಿಯ ಕಡೆ ನೋಡಿ, "ನನ್ನ ಕಾಲ ಇರ್ತಿತ್ತು."

ಆಕೆ ಅವನನ್ನೇ ನೋಡಿದಳು. ಹಿಟ್ಟಿನ ಕೈಯಿಂದ ಕಣ್ಣೊರೆಸಿಕೊಂಡದ್ದಕ್ಕೆ ಮುಖವೆಲ್ಲ ಬೆಳ್ಳಗಾಯಿತು. ಗುಂಪಿನ ಹಿಂದೆ, ಲಾರಿಗೆ ಒರಗಿ, ಯಾರೂ ತನ್ನನ್ನು ನೋಡಬಾರದೆಂದು ನಿಂತಿದ್ದ ಒಬ್ಬ ಚಾಲಕನಿದ್ದ. ಆಗಷ್ಟೇ ಘಟ್ಟ ಏರಿ ಬಂದವನು, ಎರಡು ಮಾರು ದೂರಕ್ಕೂ ವಾಸನೆ ಬರುತ್ತಿತ್ತು. ಆಕೆ ಗುಂಪು ಸೀಳಿಕೊಂಡು ಅವನ ಮುಂದೆ ಹೋಗಿ ಕೈ ಚಾಚಿದಳು.

"ಕೀಲಿ ಕೊಡು. ಕೈಕಾಲು ತೊಳಕೊಂಡು ಒಳಗ ಬಂದು ಕುಂದ್ರು."

ಅವನು ಲಾರಿಯ ಕೀಲಿ ಕೊಟ್ಟ. ಗಂಡ ಆಗಲೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದ್ದ. ಸಾಹೇಬರು ಆದೇಶವನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡು, ಬೂಟು ಹುಡುಕಿ ಹಾಕಿಕೊಂಡರು. ಆ ಚಾಲಕ ಬಿಸಿ ರೊಟ್ಟಿ ತಿಂದು, ಹಗ್ಗದ ಮಂಚದ ಮೇಲೆ ಬಿದ್ದುಕೊಂಡು, ಅಷ್ಟು ಜನರ ಗದ್ದಲದ ನಡುವೆಯೇ ಗೊರಕೆ ಹೊಡೆದ.